ನಾಲ್ಕನೇ ತರಗತಿಯ ಪಕ್ಕದ ಕೊಠಡಿ: ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರಕರಣ ಅಧ್ಯಯನ

ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳರವರೆಗೆ ತರಗತಿ, 150ರ ಆಸುಪಾಸು ಮಕ್ಕಳು, ಹೆಡ್‌ಮಾಸ್ಟರೂ ಸೇರಿ ಆರು ಜನ ಶಿಕ್ಷಕರು. ಊರಲ್ಲಿ ಹೆಚ್ಚಿನ ಮನೆಗಳಿಗೆ ರೇಷ್ಮೆಯೇ ಕಸುಬು, ಮನೆಮಾತು ತೆಲುಗು. ಈ ಶಾಲೆ ವಿಶೇಷ ಅಗತ್ಯದ ಮಕ್ಕಳಿಗಾಗಿ ತನ್ನಲ್ಲೇ ಒಂದು ಸಂಪನ್ಮೂಲ ಕೊಠಡಿ ಶುರು ಮಾಡಿತು. ಮೊದಲ ವರ್ಷ ಅದು ಹದಗೆಟ್ಟಿತು. ಎರಡನೇ ವರ್ಷ ಒಂದಷ್ಟು ನೆಟ್ಟಗಾಯಿತು. ನಾನು ಆ ಶಾಲೆಯ ಸಿಬ್ಬಂದಿಯಲ್ಲ, ಸಮನ್ವಯ ಶಿಕ್ಷಣದ ಕೆಲಸದಲ್ಲಿರುವವನಾಗಿ ಎರಡೂ ವರ್ಷ ಹತ್ತಿರದಿಂದ ನೋಡಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ನನಗೆ ಕಂಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಠಡಿ ಮಾಡುವುದು ಸುಲಭದ ಕೆಲಸ. ಅಲ್ಲಿಂದ ಮಗು ವಾಪಸ್ ತನ್ನ ತರಗತಿಗೆ ಹೋದಾಗ ಅಲ್ಲಿ ಅದಕ್ಕೆ ಮಾಡಲು ಏನಾದರೂ ಇರುತ್ತಾ ಅನ್ನೋದು ಕಷ್ಟದ್ದು. ಈ ಶಾಲೆಯಲ್ಲಿ ಎಡವಿದ್ದೂ ಅಲ್ಲೇ, ಸರಿಹೋಗಿದ್ದೂ ಅಲ್ಲೇ.

ಪಟ್ಟಿಯಲ್ಲಿ ಏಳು ಹೆಸರು

ಶಾಲೆಯ ಪಟ್ಟಿಯಲ್ಲಿ ಏಳು ಮಕ್ಕಳಿದ್ದರು. ಇಲ್ಲಿ ಹೇಳುವ ತರಗತಿಗಳು ಎರಡನೇ ವರ್ಷದವು. ನಾಲ್ಕನೇ ತರಗತಿಯಲ್ಲೇ ಮೂವರು: ಬೌದ್ಧಿಕ ನ್ಯೂನತೆಯ ಒಬ್ಬ ಹುಡುಗ, ಕಿವಿ ಸರಿಯಾಗಿ ಕೇಳಿಸದ ಒಬ್ಬಳು ಹುಡುಗಿ, 'ಬುದ್ಧಿ ಮಂದ' ಅಂತ ಯಾರೋ ಬರೆದಿಟ್ಟ ಇನ್ನೊಬ್ಬ ಹುಡುಗ. ಮೂರನೇ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹುಡುಗ. ಎರಡನೆಯದರಲ್ಲಿ ಆಟಿಸಂ ಇರುವ, ಮಾತಾಡದ ಹುಡುಗಿ. ಐದನೆಯದರಲ್ಲಿ ಓದು ಬರಹ ಹತ್ತದ ಒಬ್ಬ ಚುರುಕು ಹುಡುಗ. ಆರನೆಯದರಲ್ಲಿ ದೃಷ್ಟಿ ಮಂದವಾಗಿರುವ ಹುಡುಗಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದು ಎಂದು ಅದರ 31ನೇ ಸೆಕ್ಷನ್ ಹೇಳುತ್ತದೆ. ಆಯ್ಕೆ ಮನೆಯವರದ್ದು, ಶಾಲೆಯದ್ದಲ್ಲ. 'ಇಂಥ ಮಕ್ಕಳಿಗೆ ಬೇರೆ ಶಾಲೆ ಇರುತ್ತೆ, ಅಲ್ಲಿಗೆ ಸೇರಿಸಿ' ಅಂತ ಹೇಳಿ ಕಳಿಸುವುದು ನಮ್ಮ ಕಡೆ ಈಗಲೂ ನಡೆಯುತ್ತದೆ. ಈ ಹೆಡ್‌ಮಾಸ್ಟರು ಹಾಗೆ ಹೇಳಲಿಲ್ಲ. ಅಷ್ಟರಮಟ್ಟಿಗೆ ಶುರುವಿನಲ್ಲೇ ಅರ್ಧ ಜಗಳ ತಪ್ಪಿತು.

ಮೊದಲ ವರ್ಷ

ನಾಲ್ಕನೇ ತರಗತಿಯ ಪಕ್ಕದಲ್ಲಿ ಒಂದು ಕೊಠಡಿ ಖಾಲಿ ಇತ್ತು. ಮುರಿದ ಬೆಂಚು, ಹಳೇ ಪುಸ್ತಕದ ಕಟ್ಟು ತುಂಬಿದ್ದರು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಅದನ್ನು ಖಾಲಿ ಮಾಡಿಸಿ ಸುಣ್ಣ ಬಣ್ಣ ಹೊಡೆಸಿದರು. ಚಾಪೆ, ದೊಡ್ಡ ಕನ್ನಡಿ, ಮಣಿ, ಬಣ್ಣದ ಬಿಲ್ಲೆ, ಒಂದಷ್ಟು ಆಟಿಕೆ ಬಂದವು. ಒಬ್ಬ ಮೇಡಂ ಆಸಕ್ತಿಯಿಂದ ಮುಂದೆ ಬಂದರು. ಅಲ್ಪಾವಧಿ ತರಬೇತಿ ಪಡೆದವರು, ಬಿಜಾಪುರ ಕಡೆಯವರು. ವಾರಕ್ಕೊಮ್ಮೆ ತಾಲ್ಲೂಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕರು, ಬರುತ್ತಿದ್ದರು. ಉದ್ಘಾಟನೆ ಆಯಿತು, ಫೋಟೋ ಆಯಿತು.

ಆಮೇಲೆ ಏಳೂ ಮಕ್ಕಳು ಶಾಲೆಯಲ್ಲಿದ್ದಷ್ಟು ಹೊತ್ತೂ ಅಲ್ಲೇ ಕೂತರು. ಮಣಿ ಪೋಣಿಸಿದರು, ಬಣ್ಣ ತುಂಬಿದರು. ಕಾಲುಗಂಟೆಗೊಬ್ಬರ ಮೇಲೆ ಕಣ್ಣಿಡುವುದರಲ್ಲೇ ಮೇಡಂ ಹೊತ್ತು ಕಳೆಯಿತು. ಕೆಲವೇ ವಾರದಲ್ಲಿ ಬೇರೆ ತರಗತಿಗಳಿಂದ ತಂಟೆ ಮಾಡುವವರೂ ಬರತೊಡಗಿದರು. 'ಮೇಡಂ, ಇವನನ್ನೂ ಒಂದು ಗಂಟೆ ಇಟ್ಟುಕೊಳ್ಳಿ' ಅಂತ. ಹೀಗೆ ಕೊಠಡಿ ಶಿಕ್ಷೆಯ ಜಾಗವೂ ಆಯಿತು. ಮಕ್ಕಳು ಅದಕ್ಕೊಂದು ಅಡ್ಡಹೆಸರು ಇಟ್ಟರು, ಇಲ್ಲಿ ಬರೆಯುವುದು ಬೇಡ.

ಮೊದಲು ಸಿಟ್ಟಾದವರು ಕಿವಿ ಕೇಳಿಸದ ಹುಡುಗಿಯ ಅಪ್ಪ. 'ಸಾರ್, ಹೋದ ವರ್ಷ ನಮ್ಮ ಮಗು ಕೂಡೋ ಲೆಕ್ಕ ಮಾಡ್ತಿತ್ತು. ಈಗ ಬರೀ ಬಣ್ಣ ತುಂಬ್ತದೆ' ಅಂದರು. ಅವರ ಮಾತಿಗೆ ಉತ್ತರ ಇರಲಿಲ್ಲ.

ಇದು ಆ ಮೇಡಂ ತಪ್ಪು ಅಂತ ನಾನು ಹೇಳಲಾರೆ. 2021ರಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿತು. ಮುಂದಿನ ಹಂತಗಳಿಗೆ 15ಕ್ಕೆ ಒಬ್ಬರು. ಈ ಶಾಲೆಗೆ ಸಿಕ್ಕಿದ್ದು ವಾರಕ್ಕೊಂದು ದಿನದ ಬಿಐಇಆರ್‌ಟಿ. ಅವರಿಗೆ ಬೇರೆ ಶಾಲೆಗಳೂ ಇದ್ದವು, ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗಳೂ ಇದ್ದವು, ಅದರ ಮೇಲೆ ಕಚೇರಿ ಕೆಲಸ ಬೇರೆ.

ಹೆಸರು ತೆಗೆಯುವುದು ಮೊದಲ ಕೆಲಸ

ಎರಡನೇ ವರ್ಷ ಜೂನ್‌ನಲ್ಲಿ ಹೆಡ್‌ಮಾಸ್ಟರು ಎಲ್ಲ ಶಿಕ್ಷಕರನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆ ಇಟ್ಟರು: ಈ ಏಳರಲ್ಲಿ ಕೊಠಡಿ ನಿಜವಾಗಿ ಯಾರಿಗೆ ಬೇಕು, ಯಾವುದಕ್ಕೆ ಬೇಕು?

ಆರನೇ ತರಗತಿಯ ಹುಡುಗಿಗೆ ಬೇಕೇ ಇರಲಿಲ್ಲ. ಕಿಟಕಿಯ ಬೆಳಕು ಬೆನ್ನ ಹಿಂದಿನಿಂದ ಬೀಳುವ ಹಾಗೆ ಮುಂದಿನ ಸಾಲಿನಲ್ಲಿ ಜಾಗ, ಪುಸ್ತಕ ಎತ್ತಿ ಇಡಲು ಒಂದು ಓರೆ ಹಲಗೆ, ದಪ್ಪ ಗೆರೆಯ ನೋಟ್‌ಬುಕ್, ದೊಡ್ಡ ಅಕ್ಷರದ ಜೆರಾಕ್ಸ್. ಅಷ್ಟು ಸಾಕಾಯಿತು. ಒಂದು ವರ್ಷ ಸುಮ್ನೆ ಬೇರೆ ಕಡೆ ಕೂರಿಸಿದ್ದರು.

'ಬುದ್ಧಿ ಮಂದ' ಹುಡುಗನ ಕಥೆ ಬೇರೆ. ಅವನಪ್ಪ ಅಮ್ಮ ವರ್ಷದಲ್ಲಿ ಕೆಲವು ತಿಂಗಳು ಕೂಲಿಗೆ ಗಡಿಯಾಚೆ ಹೋಗುತ್ತಾರೆ, ಇವನೂ ಜೊತೆಗೆ ಹೋಗುತ್ತಾನೆ. ಮನೆಯಲ್ಲಿ ತೆಲುಗು ಬಿಟ್ಟು ಬೇರೆ ಮಾತಿಲ್ಲ. ಮೇಡಂಗೆ ತೆಲುಗು ಬರುವುದಿಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆಲ್ಲ ಅವನು ತಲೆ ತಗ್ಗಿಸಿ ನಿಲ್ಲುತ್ತಿದ್ದ. ತೆಲುಗು ಬಲ್ಲ ಬಿಐಇಆರ್‌ಟಿ ಅದೇ ಪ್ರಶ್ನೆಗಳನ್ನು ತೆಲುಗಿನಲ್ಲಿ ಕೇಳಿದರು. ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲಿ ಕೆ.ಜಿ.ಗೆ ಎಷ್ಟು ರೇಟು ಕೂಗಿದರು, ತೂಕ ಎಷ್ಟು ಬಂತು, ಕೈಗೆ ಎಷ್ಟು ದುಡ್ಡು ಸಿಕ್ಕಿತು, ಎಲ್ಲ ಒಂದೇ ಉಸಿರಿಗೆ ಹೇಳಿದ. ಬೌದ್ಧಿಕ ನ್ಯೂನತೆ ಇರುವ ಮಗುವಲ್ಲ ಅದು. ಪಾಠ ತಪ್ಪಿಸಿಕೊಂಡ, ಕನ್ನಡ ಕಲಿಯಬೇಕಾದ ಮಗು.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಈ ತಪ್ಪು ಬಹಳ ಸಲೀಸಾಗಿ ನಡೆಯುತ್ತದೆ. ಎನ್‌ಸಿಇಆರ್‌ಟಿ 2022ರಲ್ಲಿ ತಂದ 'ಪ್ರಶಸ್ತ್' ಆ್ಯಪ್‌ನಲ್ಲಿ ತರಗತಿ ಶಿಕ್ಷಕರೇ ತುಂಬುವ ಒಂದು ಪಟ್ಟಿ ಇದೆ. ಒಳ್ಳೆಯ ಸಾಧನ. ಆದರೆ ಅದು ಬರೀ ಮೊದಲ ಹಂತದ ಗುರುತಿಸುವಿಕೆ, ವೈದ್ಯರ ತೀರ್ಮಾನ ಅಲ್ಲ. 'ಹೇಳಿದ್ದು ಅರ್ಥವಾಗುವುದಿಲ್ಲ' ಅಂತ ಟಿಕ್ ಹಾಕುವ ಮೊದಲು ಹೇಳಿದ್ದು ಯಾವ ಭಾಷೆಯಲ್ಲಿ ಅಂತ ನೋಡಬೇಕಲ್ವಾ? ಒಮ್ಮೆ ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ಮಾಹಿತಿ ಇಡುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ, ಹಾಗೆ ನಮೂದಾದರೆ ವರ್ಷ ವರ್ಷವೂ ಅದೇ ಮಾತು ಮಗುವಿನ ಹಿಂದೆ ಬರುತ್ತದೆ.

ಹೀಗೆ ಐದು ಹೆಸರು ಉಳಿದವು.

ಚೀಟಿ

ಹೊಸ ಏರ್ಪಾಡು ಸರಳವಾಗಿತ್ತು. ಎಲ್ಲ ಮಕ್ಕಳ ಹಾಜರಿ ತಮ್ಮ ತಮ್ಮ ತರಗತಿಯಲ್ಲೇ. ದಿನಕ್ಕೆ ಹೆಚ್ಚೆಂದರೆ ಎರಡು ಪಿರಿಯಡ್ ಕೊಠಡಿಯಲ್ಲಿ, ಪಿರಿಯಡ್‌ಗೆ 40 ನಿಮಿಷ. ಆಟದ ಪಿರಿಯಡ್, ಚಿತ್ರಕಲೆ, ಬಿಸಿಯೂಟ, ಪ್ರತಿಭಾ ಕಾರಂಜಿ ತಯಾರಿ, ಇವುಗಳಿಂದ ಯಾರನ್ನೂ ಎಬ್ಬಿಸಿ ಕರೆದುಕೊಂಡು ಹೋಗುವಂತಿಲ್ಲ. ತಂಟೆ ಮಾಡಿದವರನ್ನು ಅಲ್ಲಿಗೆ ಕಳಿಸುವಂತಿಲ್ಲ.

ಮತ್ತೆ ಒಂದು ಚೀಟಿ. ಮಗು ಕೊಠಡಿಗೆ ಬರುವಾಗ ತರಗತಿ ಶಿಕ್ಷಕರು ಒಂದೇ ಸಾಲು ಬರೆದು ಕಳಿಸಬೇಕು: ನಾಳೆ ನಾನು ಯಾವ ಪಾಠ ಮಾಡುತ್ತೇನೆ. ಮೇಡಂ ಅದರ ಹಿಂದೆ ಒಂದು ಸಾಲು ಬರೆದು ವಾಪಸ್ ಕೊಡಬೇಕು: ಆ ಪಾಠದಲ್ಲಿ ಈ ಮಗುವಿಗೆ ಏನು ಕೇಳಬಹುದು. ಉದಾಹರಣೆಗೆ, 'ನಾಳೆ ಪರಿಸರ ಅಧ್ಯಯನದಲ್ಲಿ ಎಲೆಗಳ ಪಾಠ' ಎಂದು ಬಂದ ಚೀಟಿಯ ಹಿಂದೆ, 'ಹಿಪ್ಪುನೇರಳೆ, ಮಾವು, ಹೊಂಗೆ ಎಲೆ ಇಟ್ಟು ಹೆಸರು ಕೇಳಿ, ಬರೆಸಬೇಡಿ' ಅಂತ.

ದೊಡ್ಡ ದೊಡ್ಡ ವೈಯಕ್ತಿಕ ಶಿಕ್ಷಣ ಯೋಜನೆಗಳು ಫೈಲಿನಲ್ಲಿ ಇದ್ದವು. ತಪಾಸಣೆಗೆ ಬೇಕು ಅಂತ ಚೆನ್ನಾಗಿಯೇ ಬರೆದಿದ್ದರು. ಅವನ್ನು ತೆಗೆದು ನೋಡಿದ ತರಗತಿ ಶಿಕ್ಷಕರನ್ನು ನಾನು ಕಾಣಲಿಲ್ಲ. ಚೀಟಿಯನ್ನು ಮಾತ್ರ ಓದುತ್ತಿದ್ದರು, ಯಾಕೆಂದರೆ ಅದು ಮರುದಿನವೇ ಬೇಕಾಗುತ್ತಿತ್ತು.

ಇದೇನು ಖುಷಿ ಖುಷಿಯಾಗಿ ನಡೆಯಲಿಲ್ಲ. ಮೇಡಂಗೆ ಅರ್ಧ ದಿನ ಬಿಡುವು ಕೊಡಬೇಕಾದರೆ ಅವರ ಪಿರಿಯಡ್‌ಗಳನ್ನು ಇನ್ನೊಬ್ಬರು ಹೊರಬೇಕು. ಸ್ಟಾಫ್ ರೂಮಿನಲ್ಲಿ 'ನಿಮಗೇನು ಮೇಡಂ, ಐದು ಮಕ್ಕಳು. ನಮಗೆ 30' ಅನ್ನುವ ಮಾತು ಬಂತು. ಆ ಮಾತಲ್ಲಿ ನ್ಯಾಯವೂ ಇತ್ತು. ಕೊನೆಗೆ ಹೆಡ್‌ಮಾಸ್ಟರೇ ವಾರಕ್ಕೆ ಕೆಲವು ಗಣಿತದ ಪಿರಿಯಡ್ ತಗೊಂಡರು. ಅದಕ್ಕೆ ಬದಲಾಗಿ ಮೇಡಂ ಪ್ರಶ್ನೆಪತ್ರಿಕೆ ತಯಾರಿಯ ಕೆಲಸ ವಹಿಸಿಕೊಂಡರು.

ನಾಲ್ಕನೇ ತರಗತಿ ಅನ್ನೋ ಮೆಟ್ಟಿಲು

ಬೌದ್ಧಿಕ ನ್ಯೂನತೆಯ ಹುಡುಗನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಅವನ ತೊಂದರೆ ಅವನೊಬ್ಬನದಲ್ಲ.

ಕೊಠಡಿ ಶುರುವಾಗುವ ಮೊದಲು ಅವನು ನಲಿ–ಕಲಿಯಲ್ಲಿದ್ದ. ನಲಿ–ಕಲಿ ಗೊತ್ತಿರುವವರಿಗೆ ಹೇಳಬೇಕಿಲ್ಲ: ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ. ಪಾಠಪುಸ್ತಕದ ಬದಲು ಕಾರ್ಡು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಐದು ತಟ್ಟೆಗಳು, ಅಂದರೆ ಮಕ್ಕಳು ಕೂರುವ ಐದು ಗುಂಪು. ಒಂದು ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧ, ಮತ್ತೆ ಗೆಳೆಯರ ಸಹಾಯದ ಎರಡು ತಟ್ಟೆ, ಕೊನೆಯದು ಸ್ವಂತ ಕಲಿಕೆ. ಮೊದಲ ಅಕ್ಷರಗಳಾದ 'ರ ಗ ಸ ದ ಅ' ದಾಟಲು ಒಂದು ಮಗುವಿಗೆ ಒಂದು ತಿಂಗಳು, ಇನ್ನೊಂದಕ್ಕೆ ಆರು ತಿಂಗಳು ಹಿಡಿದರೂ ಯಾರೂ ಫೇಲಲ್ಲ. ಈ ಹುಡುಗ ಅಲ್ಲಿ ನೆಮ್ಮದಿಯಾಗಿದ್ದ. ಗೆಳೆಯರು ಕಾರ್ಡು ತೋರಿಸುತ್ತಿದ್ದರು, ಇವನು ಹೇಳುತ್ತಿದ್ದ.

ನಾಲ್ಕನೆಯದಕ್ಕೆ ಬಂದ ಕೂಡಲೇ ಎಲ್ಲ ಬದಲಾಗುತ್ತದೆ. ಸಾಲು ಬೆಂಚು, ಪಾಠಪುಸ್ತಕ, ಎಲ್ಲರಿಗೂ ಒಂದೇ ದಿನ ಒಂದೇ ಪುಟ. ಗ್ರಾಮೀಣ ಶಾಲೆಗಳಲ್ಲಿ 'ಇವನಿಗೆ ಏನೂ ಬರಲ್ಲ' ಅನ್ನುವ ದೂರು ನಾಲ್ಕನೇ ತರಗತಿಯಲ್ಲೇ ಯಾಕೆ ಏಳುತ್ತದೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಮಗುವಿಗೆ ಬೇಸಿಗೆ ರಜೆಯಲ್ಲಿ ಏನೂ ಆಗಿರುವುದಿಲ್ಲ. ಕೂರಿಸುವ ರೀತಿ ಬದಲಾಗಿರುತ್ತದೆ.

ನಾಲ್ಕನೇ ತರಗತಿಯ ಮೇಷ್ಟ್ರು ನಲಿ–ಕಲಿ ತರಬೇತಿ ಆದವರು. ಅದನ್ನು ನೆನಪು ಮಾಡಿದ್ದು ಬಿಐಇಆರ್‌ಟಿ. ದಿನಕ್ಕೊಂದು ಪಿರಿಯಡ್ ಅವರು ಬೆಂಚು ಸರಿಸಿ ಎರಡು ತಟ್ಟೆ ಮಾಡತೊಡಗಿದರು. ಇದರಿಂದ ಲಾಭವಾಗಿದ್ದು ಆ ಹುಡುಗನಿಗೆ ಮಾತ್ರ ಅಲ್ಲ. ಗಡಿಯಾಚೆ ಹೋಗಿ ಬರುವ ಹುಡುಗನೂ ಗೆಳೆಯರ ತಟ್ಟೆಯಲ್ಲಿ ಕೂತು ಕನ್ನಡ ಹಿಡಿದ.

ಕೊಠಡಿಯಲ್ಲಿ ಗಣಿತಕ್ಕೆ ಮೇಡಂ ಮಣಿ, ಬಿಲ್ಲೆ ಬಿಟ್ಟು ರೇಷ್ಮೆ ಗೂಡು ತಂದರು. ಹುಡುಗ ಮನೆಯಲ್ಲಿ ಚಂದ್ರಿಕೆಯಿಂದ (ಹುಳ ಗೂಡು ಕಟ್ಟುವ ತಟ್ಟಿ) ಗೂಡು ಬಿಡಿಸಿ ಬಿಡಿಸಿ ಕೈ ಪಳಗಿದವನು. ಜೊಳ್ಳು, ಕಲೆ ಬಿದ್ದದ್ದು, ಜೋಡಿ ಗೂಡು, ಇವನ್ನು ನೋಡಿದ ತಕ್ಷಣ ಬೇರೆ ಇಡುತ್ತಿದ್ದ. ವಿಂಗಡಿಸುವುದು ಗಣಿತದ ಮೊದಲ ಪಾಠವೇ ತಾನೇ? ಅಲ್ಲಿಂದ ಹತ್ತು ಗೂಡಿಗೊಂದು ಚೀಲ ಕಟ್ಟುವುದು, ಎರಡು ಚೀಲ ಮತ್ತೆ ಮೂರು ಅಂದರೆ 23 ಅನ್ನುವುದು. ವರ್ಷದ ಕೊನೆಗೆ 50ರವರೆಗೆ ಎಣಿಸುತ್ತಿದ್ದ. ಅವನ ಎಫ್‌ಎ, ಎಸ್‌ಎ ಪರೀಕ್ಷೆಗಳನ್ನು (ವರ್ಷದ ನಡುನಡುವಿನವು, ಅವಧಿಯ ಕೊನೆಯವು) ಬಾಯಲ್ಲಿ ಕೇಳಿ, ವಸ್ತು ಇಟ್ಟು ಮಾಡಿದರು.

ಶೌಚಾಲಯ

ಸೆರೆಬ್ರಲ್ ಪಾಲ್ಸಿ ಇರುವ ಹುಡುಗ ಮಧ್ಯಾಹ್ನದ ಮೇಲೆ ಶಾಲೆಯಲ್ಲಿ ಇರುತ್ತಲೇ ಇರಲಿಲ್ಲ. ಬಿಸಿಯೂಟದ ಹೊತ್ತಿಗೆ ಅಜ್ಜಿ ಬಂದು ಎತ್ತಿಕೊಂಡು ಹೋಗುತ್ತಿದ್ದರು. 'ಸುಸ್ತಾಗುತ್ತೆ' ಅಂತ ಎಲ್ಲರೂ ಅಂದುಕೊಂಡಿದ್ದರು. ಕೇಳಿದಾಗ ಅಜ್ಜಿ ಹೇಳಿದ್ದು: 'ಇಲ್ಲಿ ಅವನು ಒಂದಕ್ಕೆ ಹೋಗೋಕೆ ಆಗಲ್ಲ ಸಾರ್. ಅದಕ್ಕೇ ಬೆಳಿಗ್ಗೆ ನೀರೇ ಕುಡಿಸಲ್ಲ ನಾನು.' ಕ್ಷೀರಭಾಗ್ಯದ ಹಾಲನ್ನೂ ಹುಡುಗ ಬೇಡ ಅನ್ನುತ್ತಿದ್ದ. ಕಾರಣ ಇದೇ.

ಶಾಲೆಗೆ ರ‍್ಯಾಂಪ್ ಇತ್ತು. ಜಗುಲಿಗೆ ಮಾತ್ರ. ಅದೂ ಕಡಿದಾಗಿತ್ತು. ರ‍್ಯಾಂಪ್‌ನ ಲೆಕ್ಕ ಒಂದಕ್ಕೆ ಹನ್ನೆರಡು: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಕಡೆ ಗಾರೆಯವರು ಸ್ಕೂಟರ್ ಹತ್ತಿಸುವ ಅಂದಾಜಿನಲ್ಲಿ ಹಾಕಿಬಿಡುತ್ತಾರೆ. ಶೌಚಾಲಯದ ಮುಂದೆ ಎರಡು ಮೆಟ್ಟಿಲು ಹಾಗೇ ಇದ್ದವು.

ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಇಲ್ಲಿ ಕೆಲಸಕ್ಕೆ ಬಂದರು. ಗ್ರಾಮ ಪಂಚಾಯಿತಿ ತನ್ನ ನಿಧಿಯಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಆ ದುಡ್ಡಿನಿಂದ ಗೋಡೆಗುಂಟ ತಿರುಗಿಸಿ ರ‍್ಯಾಂಪ್, ಹೊರಕ್ಕೆ ತೆರೆಯುವ ಅಗಲ ಬಾಗಿಲು, ಕಮೋಡ್, ಹಿಡಿಯಲು ಜಿಐ ಪೈಪು ಆಯಿತು. ಆಮೇಲೆ ಹುಡುಗ ಸಂಜೆ 4.20ರವರೆಗೂ ಇರತೊಡಗಿದ. ಕೊಠಡಿಯಲ್ಲಿ ಅವನಿಗೆ ಮಾಡಿದ ಯಾವ ಪಾಠಕ್ಕಿಂತಲೂ ಇದೇ ದೊಡ್ಡದಾಯಿತು ಅಂತ ನಾನು ಅಂದುಕೊಂಡಿದ್ದೇನೆ. ಸಂಪನ್ಮೂಲ ಕೊಠಡಿಗೆ ಅಂತ ಹಣ ಬಂದರೆ ಮೊದಲು ಶೌಚಾಲಯ ನೋಡಿ, ಆಟಿಕೆ ಆಮೇಲೆ.

ಉಳಿದವರು

ಕಿವಿ ಕೇಳಿಸದ ಹುಡುಗಿಗೆ ಶಿಬಿರದಲ್ಲಿ ಕೊಟ್ಟ ಶ್ರವಣ ಸಾಧನ ಇತ್ತು, ಮನೆಯ ಬೀರುವಿನಲ್ಲಿ. ಹಾಕಿದರೆ ಕುಯ್ಯಿ ಅನ್ನುತ್ತಿತ್ತು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಕಿವಿಯೊಳಗೆ ಕೂರುವ ಹಳೇ ಅಚ್ಚು, ಅಂದರೆ ಮೋಲ್ಡ್, ಸಡಿಲವಾಗುತ್ತದೆ, ಸದ್ದು ಹೊರಗೆ ಸೋರಿ ಕುಯ್ಯಿಗುಡುತ್ತದೆ. ಹೊಸ ಮೋಲ್ಡ್ ಮಾಡಿಸಿದ ಮೇಲೆ ನಿಂತಿತು. ಗುಂಡಿ ಸೆಲ್‌ಗೆ ದುಡ್ಡಿನ ದಾರಿ ವಿಆರ್‌ಡಬ್ಲ್ಯು ನೋಡಿದರು. ತರಗತಿಯಲ್ಲಿ ಬೆಂಚಿನ ಕಾಲಿಗೆ ಸೈಕಲ್ ಟ್ಯೂಬ್ ಕಟ್ಟಿದರು, ಕಿಟಕಿಗೆ ದಪ್ಪ ಪರದೆ ಹಾಕಿದರು. ಶ್ರವಣ ಸಾಧನ ಮಾತನ್ನಷ್ಟೇ ಅಲ್ಲ, ಬೆಂಚು ಎಳೆಯುವ ಸದ್ದನ್ನೂ ಜೋರು ಮಾಡುತ್ತದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡುವ ಅಭ್ಯಾಸ ಬಿಡಲು ಹೆಣಗಿದರು, ಪೂರ್ತಿ ಬಿಟ್ಟಿಲ್ಲ.

ಆಟಿಸಂ ಇರುವ ಹುಡುಗಿಗೆ ಬೆಳಿಗ್ಗೆಯ ಗಂಟೆ, ಪ್ರಾರ್ಥನೆಯ ಮೈಕು ಆಗುತ್ತಿರಲಿಲ್ಲ, ಕಿವಿ ಮುಚ್ಚಿ ಓಡುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಬರಲು ಒಪ್ಪಿಗೆ ಕೊಟ್ಟರು. ಅವಳದ್ದೇ ಫೋಟೋಗಳನ್ನು ಸಾಲಾಗಿ ಅಂಟಿಸಿ, ಈಗ ಕೊಠಡಿ, ಆಮೇಲೆ ತರಗತಿ, ಆಮೇಲೆ ಊಟ ಅಂತ ತೋರಿಸಿದರು. ಇವಳ ವಿಷಯದಲ್ಲಿ ಎಲ್ಲರಿಗಿಂತ ಮೊದಲು ದಾರಿ ಕಂಡುಕೊಂಡವರು ಅಡುಗೆಯಮ್ಮ. ಅವಳು ಸಾಂಬಾರ್ ಸೋಕಿದ ಅನ್ನ ಮುಟ್ಟುವುದಿಲ್ಲ ಅಂತ ಗೊತ್ತಾಗಿ, ಯಾರೂ ಹೇಳದೆಯೇ ಬಿಳಿ ಅನ್ನ ಬೇರೆ ತೆಗೆದಿಡುತ್ತಿದ್ದರು. ಹುಡುಗಿ ಈಗಲೂ ಮಾತಾಡುವುದಿಲ್ಲ. ಮೊದಲ ಪಿರಿಯಡ್ ತರಗತಿಯಲ್ಲಿ ಕೂರುತ್ತಾಳೆ.

ಐದನೇ ತರಗತಿಯ ಹುಡುಗನ ವಿಷಯದಲ್ಲಿ ಶಾಲೆ ಸೋತಿದೆ. ಕಲಿಕಾ ನ್ಯೂನತೆ ಇರಬಹುದು ಅನ್ನುವುದಕ್ಕೆ ಲಕ್ಷಣಗಳಿವೆ. ಬಾಯಲ್ಲಿ ಕೇಳಿದರೆ ಎಲ್ಲ ಗೊತ್ತು. ಕಾಗದದ ಮೇಲೆ ಒತ್ತಕ್ಷರ ಬಂದರೆ ನಿಂತುಬಿಡುತ್ತಾನೆ, 'ಅರಸ' ಓದುತ್ತಾನೆ, 'ಅಕ್ಷರ' ಓದಲಾರ. ಕನ್ನಡದಲ್ಲಿ ಅಕ್ಷರ 49 ಇದ್ದರೂ ಕಾಗುಣಿತ, ಒತ್ತು ಸೇರಿ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಮಾಮೂಲಿ ಮಕ್ಕಳಿಗೂ ಅದು ಬೇಗ ಕೈವಶವಾಗುವುದಿಲ್ಲ. ಇವನಿಗೆ ದಿನಾ ಅರ್ಧ ಗಂಟೆ, ಕ್ರಮವಾಗಿ, ಅದನ್ನು ಬಲ್ಲವರ ಪಾಠ ಬೇಕು. ಸಿಕ್ಕಿದ್ದು ವಾರಕ್ಕೊಮ್ಮೆ. ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಗೊಳ್ಳಲು ಮನೆಯವರಿಗೆ ಮನಸ್ಸಿಲ್ಲ: 'ನಮ್ಮ ಹುಡುಗ ಹುಷಾರಾಗೇ ಇದಾನೆ, ಯಾಕೆ ಕಾರ್ಡು?' ಎದ್ದು ಕಾಣದ ತೊಂದರೆಗೆ ಹೀಗೇ ಆಗುತ್ತದೆ.

ಮನೆಯವರ ಜೊತೆ ಮಾತು ಅಂದಾಗ ಒಂದು ವಿಷಯ. ಪೋಷಕರ ಸಭೆಗೆ ಯಾರೂ ಬರುತ್ತಿಲ್ಲ ಅಂತ ಶಿಕ್ಷಕರು ಬೇಜಾರು ಮಾಡಿಕೊಂಡಿದ್ದರು. ನಾಲ್ಕನೇ ಜ್ವರ (ಹುಳ ಪೊರೆ ಕಳಚುವ ಹೊತ್ತು) ಎದ್ದ ಮೇಲೆ ರೇಷ್ಮೆ ಹುಳ ಹೊತ್ತು ಹೊತ್ತಿಗೂ ಸೊಪ್ಪು ಕೇಳುತ್ತದೆ, ಆ ವಾರ ಮನೆಯವರು ಹುಳದ ಮನೆ ಬಿಟ್ಟು ಕದಲಲಾರರು. ಗೂಡು ಮಾರಿ ಬಂದ ಮೇಲಿನ ದಿನಗಳಿಗೆ ಸಭೆ ಹಾಕಿದರು, ಐದರಲ್ಲಿ ನಾಲ್ಕು ಮನೆಯವರು ಬಂದರು. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನ ಇದೆ ಅನ್ನುವುದು ಅವರಲ್ಲಿ ಕೆಲವರಿಗೆ ಅಲ್ಲೇ ಮೊದಲು ಗೊತ್ತಾಗಿದ್ದು.

ಈಗ

ಮೂರನೇ ವರ್ಷ ನಡೆಯುತ್ತಿದೆ. ಗೂಡು ಎಣಿಸುವ ಹುಡುಗ ಐದನೆಯದಕ್ಕೆ ಬಂದಿದ್ದಾನೆ. ಆ ತರಗತಿಗೆ ವರ್ಗಾವಣೆಯಲ್ಲಿ ಹೊಸ ಮೇಷ್ಟ್ರು ಬಂದಿದ್ದಾರೆ. ಕೊಠಡಿಯ ಮೇಡಂ ಕೂಡ ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಊರ ಕಡೆ ಹೋಗುವ ಆಸೆಯಲ್ಲಿದ್ದಾರೆ, ತಪ್ಪೇನಿಲ್ಲ. ಹಾಗಾಗಿ ಹೆಡ್‌ಮಾಸ್ಟರು ಚೀಟಿಯ ಏರ್ಪಾಡನ್ನು ಶಾಲೆಯ ವೇಳಾಪಟ್ಟಿಯಲ್ಲೇ ಸೇರಿಸಿದ್ದಾರೆ, ಇನ್ನೊಬ್ಬ ಶಿಕ್ಷಕರನ್ನು ವಾರಕ್ಕೆ ಎರಡು ಪಿರಿಯಡ್ ಮೇಡಂ ಜೊತೆ ಕೂರಿಸುತ್ತಿದ್ದಾರೆ. ಹೊಸ ಮೇಷ್ಟ್ರು ಮೊದಮೊದಲು ಚೀಟಿ ಬರೆಯಲಿಲ್ಲ. ಈಗ ಬರೆಯುತ್ತಾರೆ, ಗಣಿತಕ್ಕೆ ಮಾತ್ರ. ಕನ್ನಡಕ್ಕೂ ಬರೆಯಿರಿ ಅಂತ ಮೇಡಂ ಕೇಳುತ್ತಿದ್ದಾರೆ.